ರುಚಿ ನೋಡುವ ಪುಸ್ತಕ

ಕೊಬ್ಬರಿ ಚೂರು ಮೊದಲು ಬರೀ ಚಕ್ಕೆಯಂತೆ, ಒರಟು, ನಾಲಗೆಯ ತುದಿಗೆ ಏನೂ ಅಲ್ಲ, ಆಮೇಲೆ ಬದಿಯಲ್ಲಿ ಎಲ್ಲೋ ಒಂದಿಷ್ಟು ಎಣ್ಣೆ ಬಿಟ್ಟುಕೊಳ್ಳುತ್ತದೆ, ಸಿಹಿ ಎನ್ನಬೇಕೋ ಬೇಡವೋ ಎನ್ನುವಷ್ಟು — ಕಣ್ಣು ಮುಚ್ಚಿಕೊಳ್ಳಿ, ಅವಸರ ಬೇಡ, ಅಗಿಯಬೇಡಿ, ಅದು ಬಾಯಲ್ಲಿದೆ ಅಂತ ಗಮನಿಸಿ ಸಾಕು, ಎನ್ನುತ್ತಿದ್ದಾಳೆ ಹಾಸನದಿಂದ ತರಬೇತಿ ಕೊಡಲು ಬಂದಿರುವ ಹುಡುಗಿ ಶಿಲ್ಪಶ್ರೀ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು, ದನಿ ಮಾತ್ರ ಆಸ್ಪತ್ರೆಯಲ್ಲಿ ಮಾತನಾಡುವವರ ದನಿ, ಅವಳ ಪಾಠದಲ್ಲಿ ಒಣದ್ರಾಕ್ಷಿ ಅಂತ ಇತ್ತಂತೆ, ಅರಸೀಕೆರೆಗೆ ಬಂದು ದ್ರಾಕ್ಷಿ ಯಾಕ್ ಮೇಡಂ ನಮ್ಮ ಮರ್ಯಾದೆ ತೆಗೀತೀರಾ ಎಂದು ಕಾರ್ಯಾಗಾರ ನಡೆಸುವ ಗಂಗಾಧರಯ್ಯನವರು ಯಾರನ್ನೋ ಮಾರುಕಟ್ಟೆಗೆ ಓಡಿಸಿ ಕೊಬ್ಬರಿ ತರಿಸಿದ್ದಾರೆ, ಅರವತ್ತು ಜನ ಮೇಷ್ಟರು ಮೇಡಂಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಣ್ಣು ಮುಚ್ಚಿ ಬಾಯಲ್ಲಿ ಒಂದೊಂದು ಚೂರು ಇಟ್ಟುಕೊಂಡು ಕೂತಿದ್ದೇವೆ, ನಿಲ್ದಾಣದಲ್ಲಿ ಯಾವುದೋ ಗಾಡಿ ಕೂಗುತ್ತಿದೆ, ಹಿಂದಿನ ಸಾಲಿನಲ್ಲಿ ಕಟಕ್ಕೆಂದು ಸದ್ದು, ಅಯ್ಯೋ ಹಲ್ಲೇ ಹೋಯ್ತಲ್ರೀ, ನಗು, ಶ್ ಶ್, ರುಚಿ ನೋಡಿ, ಈಗ ನಿಮ್ಮ ಮನಸ್ಸು ಎಲ್ಲಿದೆ ಅಂತ ನೋಡಿ — ಎಲ್ಲಿದೆ, ನನ್ನದು ಕುರ್ಚಿಯ ಕೆಳಗಿದೆ, ನನ್ನ ಎರಡು ಪಾದಗಳ ನಡುವಿನ ಚೀಲದಲ್ಲಿದೆ, ಚೀಲದಲ್ಲಿ ಒಂದು ಉದ್ದನೆಯ ಪುಸ್ತಕ, ಪುಸ್ತಕದೊಳಗೆ ಮಡಿಸಿಟ್ಟ ಒಂದು ಅರ್ಜಿ, ಕಣ್ಣು ಮುಚ್ಚಿದರೆ ಕತ್ತಲೆ ಬರುವುದಿಲ್ಲ, ನಮ್ಮ ಶಾಲೆಯ ಹೊಂಗೆಮರ ಬರುತ್ತದೆ, ಅದರ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಧರ್ಮೇಶ್ ಸರ್, ಮೊಣಕಾಲ ಮೇಲೆ ಸ್ಟೀಲ್ ತಟ್ಟೆ, ಬಾಯಲ್ಲಿ ಚಮಚ, ಜ್ವರ ನೋಡಲು ನರ್ಸು ಇಟ್ಟು ಮರೆತು ಹೋದ ಹಾಗೆ ಹಿಡಿ ಹೊರಗೆ ಚಾಚಿಕೊಂಡ ಚಮಚ, ಕಣ್ಣು ತೆಂಗಿನ ತಲೆಗಳಾಚೆ ಎಲ್ಲೋ.

ನಾನಿದನ್ನು ನೋಡಿದ್ದೆನೇ, ನೋಡಿದ್ದೆ, ಆಫೀಸು ಕೋಣೆಯ ಕಿಟಕಿಯಿಂದ ಎಷ್ಟು ಸಲ, ಪಾಪ ಆರಾಮಾಗಿ ಕೂತಿದ್ದಾರೆ ಎಂದುಕೊಂಡೆ, ಆರಾಮ, ಈಗ ನಿಧಾನವಾಗಿ ಕಣ್ಣು ತೆರೆಯಿರಿ ಎನ್ನುತ್ತಾಳೆ ಶಿಲ್ಪಶ್ರೀ, ತೆರೆದರೆ ಎದುರಿಗೆ ವೇದಿಕೆಯ ಮೇಜು, ಮೇಜಿನ ಮೇಲೆ ನನ್ನ ಡಬ್ಬಿ, ಖುಷಿ ಡಬ್ಬಿ, ಮಕ್ಕಳ ಶೂಗಳು ಬಂದ ರಟ್ಟಿನ ಪೆಟ್ಟಿಗೆಗೆ ಒಂಬತ್ತನೆಯ ತರಗತಿಯ ಹುಡುಗಿಯರು ಗುಲಾಬಿ ಕಾಗದ ಅಂಟಿಸಿ ಮೇಲೆ ನಗುವ ಮುಖ ಬರೆದಿದ್ದು, ಹಿಂದಿನ ಗೋಡೆಯಲ್ಲಿ ಬ್ಯಾನರು, ಶಿಕ್ಷಕರ ಮನೋಸ್ಥೈರ್ಯ ಮತ್ತು ಯೋಗಕ್ಷೇಮ, ತಾಲ್ಲೂಕು ಮಟ್ಟದ ಕಾರ್ಯಾಗಾರ, ಮಧ್ಯಾಹ್ನದ ಮೊದಲು ಮೂರು ಶಾಲೆಗಳ ಅನುಭವ ಹಂಚಿಕೆ, ಮೂರನೆಯದು ನಮ್ಮದು, ಗಂಡಸಿಯಿಂದಾಚೆ ಮೂರು ಮೈಲಿಯ ಒಂದು ಪ್ರೌಢಶಾಲೆ, ಏಳು ಜನ ಸಿಬ್ಬಂದಿ, ಪ್ರಭಾರ ಮುಖ್ಯ ಶಿಕ್ಷಕಿ ಅರುಣಾ, ಅಂದರೆ ನಾನು, ಪ್ರಭಾರ ಎಂದರೆ ಕೆಲಸವೆಲ್ಲ ಇರುತ್ತದೆ ಅಧಿಕಾರಿಯ ಹಸಿರು ಇಂಕು ಮಾತ್ರ ಇರುವುದಿಲ್ಲ. ಜೂನ್‌ನಲ್ಲಿ ಸುತ್ತೋಲೆ ಬಂತು, ಪ್ರತಿ ಶಾಲೆಯೂ ಸಿಬ್ಬಂದಿಯ ಮನೋಸ್ಥೈರ್ಯ ಹೆಚ್ಚಿಸಲು ಒಂದು ಚಟುವಟಿಕೆ ಮಾಡಿ ಫೋಟೋ ಹಾಕತಕ್ಕದ್ದು, ಮಾಡಿದೆ, ಶನಿವಾರ ಶನಿವಾರ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಹೇಗಿದ್ದೀರಿ ಎಂದು ಬರೆದು ಹಾಕುವುದು, ಹೆಸರು ಬೇಡ — ಹೆಸರು ಯಾಕೆ ಬೇಕು ಮೇಡಂ, ಇಲ್ಲಿ ಯಾರ ಅಕ್ಷರ ಯಾರಿಗೆ ಗೊತ್ತಿಲ್ಲ ಎಂದರು ಇಂಗ್ಲಿಷ್ ಮೇಷ್ಟರು ರಘು, ಹತ್ತು ವರ್ಷದಿಂದ ಒಟ್ಟಿಗೆ ಉತ್ತರಪತ್ರಿಕೆ ತಿದ್ದಿದ್ದೇವೆ, ದಿನವೂ ಸರದಿಯಲ್ಲಿ ಬೋರ್ಡಿಗೆ ನುಡಿಮುತ್ತು ಬರೆದಿದ್ದೇವೆ, ಕೊನೆಗೆ ರಘು ತಮ್ಮ ಚೀಟಿಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಕೊಂಡು ಬಂದರು, ಹಿಂದಿ ಮೇಡಂ ಎಡಗೈಯಲ್ಲಿ ಬರೆದರು, ಎಲ್ಲರೂ ನಕ್ಕೆವು, ಚೀಟಿ ಬಿಚ್ಚಿದರೆ ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ, ಖುಷಿಯಾಗಿದ್ದೇನೆ, ಮೂರು ಗಂಟೆಗೆ ಒಂದು ಲೋಟ ಟೀ ಸಿಕ್ಕರೆ ಇನ್ನೂ ಖುಷಿ, ಸರಿ ಟೀ ಶುರುವಾಯಿತು, ಟೀ ಫೋಟೋ ವಾಟ್ಸಾಪ್ ಗುಂಪಿಗೆ ಹೋಯಿತು, ಗಂಗಾಧರಯ್ಯನವರು ತಾಲ್ಲೂಕಿನ ಸಂಪನ್ಮೂಲ ಕೇಂದ್ರದಿಂದ ಮೂರು ಚಪ್ಪಾಳೆ ಕಳಿಸಿದರು, ಮಾದರಿ ಶಾಲೆ ಎಂದು ಬರೆದರು, ನನಗೆ ಸಂತೋಷವಾಗಲಿಲ್ಲವೇ, ಆಯಿತು, ಐವತ್ತೊಂದು ವಯಸ್ಸಿನಲ್ಲಿ ಮೊಬೈಲಿನ ಚಪ್ಪಾಳೆಗೆ ಕೆನ್ನೆ ಬಿಸಿಯಾಯಿತು. ಧರ್ಮೇಶ್ ಸರ್ ಚೀಟಿಯಲ್ಲೂ ಚೆನ್ನಾಗಿದ್ದೇನೆ ಎಂದೇ ಇತ್ತು, ಅವರ ಅಕ್ಷರ ಮುಚ್ಚಿಡಲು ಅವರು ಏನೂ ಮಾಡಿರಲಿಲ್ಲ, ಚೌಕುಳಿ ಕಾಗದದ ಮೇಲೆ ಪ್ರತಿ ಮನೆಗೆ ಒಂದು ಅಕ್ಷರ, ಲೆಕ್ಕದ ಮೇಷ್ಟರು.

ಆದರೆ ನಿಜ ಬರೆದದ್ದು ಬೇರೆ ಕಡೆ, ನಾನು ದಿನಾ ಮುಟ್ಟುವ ಪುಸ್ತಕದಲ್ಲಿ, ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ತಿಂದು ನೋಡಬೇಕು, ನೋಡಿ ಪುಸ್ತಕದಲ್ಲಿ ಬರೆಯಬೇಕು, ದಿನಾಂಕ, ಅಡುಗೆ ಏನು, ರುಚಿ ನೋಡಿದವರು, ಷರಾ, ಕೊನೆಯ ಕಾಲಮಿನಲ್ಲಿ ಮುಖ್ಯ ಶಿಕ್ಷಕರ ಸಹಿ, ನಿಯಮ ಇದು, ಒಳ್ಳೆಯ ನಿಯಮ, ಷರಾ ಎಂದರೆ ಎಲ್ಲರೂ ಬರೆಯುವುದು ಒಂದೇ, ರುಚಿಯಾಗಿದೆ, ಅದರ ಕೆಳಗೆ ಮೇಲಿನಂತೆಯೇ ಎಂದು ಎರಡು ಚುಕ್ಕೆ, ಅದರ ಕೆಳಗೂ ಎರಡು ಚುಕ್ಕೆ, ಧರ್ಮೇಶ್ ಒಬ್ಬರೇ ನಿಜವಾಗಿ ತಿಂದು ನಿಜವಾಗಿ ಬರೆಯುತ್ತಿದ್ದವರು, ಹೋದ ವರ್ಷದ ಪುಟಗಳಲ್ಲಿ ಇದೆ, ಕುಂಬಳಕಾಯಿ ಬೆಂದಿಲ್ಲ ಇನ್ನೈದು ನಿಮಿಷ ಬೇಕು, ಹುಳಿ ಸ್ವಲ್ಪ ಮುಂದಾಗಿದೆ, ಇವತ್ತಿನ ಸಾಂಬಾರಿಗೆ ನೂರಕ್ಕೆ ತೊಂಬತ್ತಾರು, ಮುದ್ದಮ್ಮನವರು ನಾಲ್ಕು ಅಂಕಕ್ಕೆ ಮರುಎಣಿಕೆ ಹಾಕಬಹುದು, ಅಡುಗೆಯ ಮುದ್ದಮ್ಮ ಅದನ್ನು ರಘು ಕೈಲಿ ಓದಿಸಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಈ ವರ್ಷ ಜುಲೈನಲ್ಲಿ ಧರ್ಮೇಶ್ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ್ದರು, ಮೇಡಂ, ರುಚಿ ನೋಡೋ ಸರದಿ ಎಲ್ಲಾ ದಿನಾನೂ ನಂಗೇ ಕೊಟ್ಬಿಡಿ, ನಾನೇ ನೋಡ್ತೀನಿ, ಅಯ್ಯೋ ನಿಮಗ್ಯಾಕೆ ಸಾರ್ ತೊಂದ್ರೆ ಅಂದೆ, ತೊಂದ್ರೆ ಏನಿಲ್ಲ ಮೇಡಂ, ಅಲ್ಲಿ ಮರದ ಕೆಳಗೆ ಗಾಳಿ ಚೆನ್ನಾಗಿ ಬರುತ್ತೆ, ಎಲ್ಲರಿಗೂ ಅನುಕೂಲವಾಯಿತು, ಸ್ಟಾಫ್‌ರೂಮಿನಲ್ಲಿ ನಮ್ಮ ಊಟದ ಡಬ್ಬಿಗಳು ಬಿಚ್ಚಿಕೊಳ್ಳುವ ಹೊತ್ತಿಗೆ ಅವರು ಅಲ್ಲಿ, ಅವರು ನಮ್ಮ ಜೊತೆ ಊಟ ಮಾಡುವುದನ್ನು ಬಿಟ್ಟರು ಎಂದು ಯಾರಿಗೂ ಅನ್ನಿಸಲಿಲ್ಲ, ಡ್ಯೂಟಿಯಲ್ಲಿದ್ದಾರೆ ಅನ್ನಿಸಿತು. ಮುದ್ದಮ್ಮ ಹೇಳಿದ್ದರು, ಇಲ್ಲ ಅನ್ನಲಾರೆ, ಮೊಟ್ಟೆ ಎಣಿಸುವಾಗ ಒಂದು ದಿನ, ಮೇಡಮ್ಮಾರೆ ನಮ್ಮ ಲೆಕ್ಕದ ಮೇಷ್ಟ್ರು ಯಾಕೋ ಸರಿಯಾಗಿಲ್ಲ ಕಣ್ರೀ, ಚಮ್ಚ ಬಾಯಾಗಿಟ್ಕಂಡು ಹಂಗೇ ಕುಂತ್ಬಿಡ್ತಾರೆ, ನುಂಗಾಕಿಲ್ಲ ಉಗಿಯಾಕಿಲ್ಲ, ಸಾರ್ ಏನಾಗೈತೆ ಅಂದ್ರೆ ಉಲ್ಟಾ ನನ್ನೇ ಕೇಳ್ತಾರೆ ಇವತ್ತು ಏನ್ ಅಡ್ಗೆ ಅಂತ, ನಾನು ಮೊಬೈಲಿನಲ್ಲಿ ಮೊಟ್ಟೆ ಫೋಟೋ ಹಾಕುತ್ತಾ, ಆ್ಯಪು ತಿರುಗುತ್ತಲೇ ಇತ್ತು, ಉಪ್ಪು ಜಾಸ್ತಿ ಹಾಕಿದೀರೇನೋ ನೋಡ್ಕೊಳ್ಳಿ ಮುದ್ದಮ್ಮ ಎಂದೆ, ಉಪ್ಪು ಜಾಸ್ತಿ ಆಗಿದ್ರೆ ಐಕ್ಳು ನನ್ನ ಬಿಡ್ತಿದ್ವಾ ಅಂದು ಒಲೆಯ ಕಡೆ ಹೋದರು.

ಈಗ ಎರಡನೆಯ ಶಾಲೆಯವರು ಮಾತನಾಡುತ್ತಿದ್ದಾರೆ, ಸ್ಟಾಫಿನವರ ಹುಟ್ಟುಹಬ್ಬಕ್ಕೆ ಒಂದೊಂದು ಗಿಡ ನೆಡುತ್ತಾರಂತೆ, ಚಪ್ಪಾಳೆ, ನಾನೂ ತಟ್ಟುತ್ತೇನೆ, ಕೊಬ್ಬರಿಯ ಇನ್ನರ್ಧ ಚೂರು ಕೈಯಲ್ಲಿತ್ತು, ಕರ್ಚೀಫಿಗೆ ಕಟ್ಟಿದೆ — ಬೆಳಿಗ್ಗೆ ಬಸ್ಸಿನಲ್ಲಿ ಗಂಡಸಿಯಲ್ಲಿ ಸೀಟು ಸಿಕ್ಕಿತು, ತೊಡೆಯ ಮೇಲೆ ಖುಷಿ ಡಬ್ಬಿ, ಅದರ ಮೇಲೆ ಈ ಪುಸ್ತಕ, ಬಿಸಿಯೂಟದ ವಿಭಾಗದವರು ಇವತ್ತೇ ತನಿಖೆಗೆ ತನ್ನಿ ಅಂದಿದ್ದರು, ಸಹಿ ಎಲ್ಲಾದರೂ ಬಿಟ್ಟುಹೋಗಿದೆಯೋ ನೋಡಿಬಿಡೋಣ ಎಂದು ತೆರೆದೆ, ಸಹಿಗೆಂದು ತೆರೆದೆ ಓದಲು ಅಲ್ಲ, ಕೊನೆಯ ಕಾಲಮಿನ ಮೇಲೆ ಬೆರಳು ಇಳಿಸುತ್ತ ಹೋದೆ, ಎಲ್ಲ ಇದೆ, ಒಂದೂ ಬಿಟ್ಟಿಲ್ಲ, ಅರುಣಾ ಅರುಣಾ ಅರುಣಾ, ಬಸ್ಸು ಗುಂಡಿಗೆ ಇಳಿದಾಗ ಬೆರಳು ಪಕ್ಕದ ಕಾಲಮಿಗೆ ಜಾರಿತು. ಉಪ್ಪು ತಿಳಿಯಲಿಲ್ಲ. ಅದರ ಪಕ್ಕ ಅರುಣಾ. ಕೆಳಗೆ, ರುಚಿ ತಿಳಿಯಲಿಲ್ಲ, ಅರುಣಾ, ಮರುದಿನ ರುಚಿ ತಿಳಿಯಲಿಲ್ಲ, ಅರುಣಾ, ಮಕ್ಕಳಿಗೆ ತೊಂದರೆಯಿಲ್ಲ ನನಗೆ ರುಚಿ ತಿಳಿಯಲಿಲ್ಲ, ಅರುಣಾ, ಪಾಯಸ ಎಂದು ಮುದ್ದಮ್ಮ ಹೇಳಿದ್ದರಿಂದ ತಿಳಿಯಿತು, ಅರುಣಾ, ಪುಟ ತಿರುಗಿಸಿದೆ, ಆಗಸ್ಟಿನ ಕೊನೆಯ ವಾರ, ಮನೆಗೊಂದು ಅಕ್ಷರದಂತೆ ನಿಧಾನವಾಗಿ ಬರೆದ ಸಾಲು, ಇದನ್ನು ಓದುತ್ತಿದ್ದರೆ ಸಹಿಯ ಪಕ್ಕ ಒಂದು ಚುಕ್ಕೆ ಇಡಿ. ಪಕ್ಕದಲ್ಲಿ ನನ್ನ ಸಹಿ, ಅವಸರದ ಸಹಿ, ಬಾಲ ಮೇಲಿನ ಗೆರೆಗೆ ತಗುಲಿದೆ, ಚುಕ್ಕೆ ಇಲ್ಲ. ಮರುದಿನ ಅದೇ ಸಾಲು, ಸಹಿ, ಚುಕ್ಕೆ ಇಲ್ಲ. ಮೂರನೆಯ ದಿನ ಆ ಸಾಲೂ ಇಲ್ಲ, ರುಚಿಯಾಗಿದೆ ಎಂದಿದೆ, ಎಲ್ಲರೂ ಬರೆಯುವ ಹಾಗೆ, ಅಲ್ಲಿಂದ ಮುಂದೆ ಎಲ್ಲ ದಿನವೂ ರುಚಿಯಾಗಿದೆ, ಹೋದ ಬುಧವಾರದವರೆಗೆ, ಗುರುವಾರದಿಂದ ಅವರು ಬಂದಿಲ್ಲ, ಹುಷಾರಿಲ್ಲ ಮೇಡಂ ಎಂದು ಒಂದು ಮೆಸೇಜು, ಸೋಮವಾರ ರಘು ಕೈಯಲ್ಲಿ ಕವರು, ಹದಿನೈದು ವರ್ಷ ಸೇವೆ ಪೂರೈಸಿರುವುದರಿಂದ ವೈಯಕ್ತಿಕ ಕಾರಣಗಳಿಂದ ಸ್ವಯಂ ನಿವೃತ್ತಿ ಕೋರಿ, ಮೇಲಧಿಕಾರಿಗಳಿಗೆ ದಯಮಾಡಿ ಶಿಫಾರಸಿನೊಂದಿಗೆ ಕಳಿಸಿಕೊಡುವುದು, ಆಮೇಲೆ ಒಂದು ಮೆಸೇಜು, ಬುಧವಾರ ಅರಸೀಕೆರೆಗೆ ಹೋಗ್ತೀರಲ್ಲ ಮೇಡಂ, ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸಿಬಿಡಿ, ಅಷ್ಟಾದರೆ ಸಾಕು, ನಲವತ್ತೆರಡು ವಯಸ್ಸು, ನಾನು ಯಾಕೆ ಅಂತ ಕೇಳಲಿಲ್ಲ, ತೋಟ ನೋಡಿಕೊಳ್ಳುತ್ತಾರೇನೋ ಎಂದುಕೊಂಡು ಶಿಫಾರಸು ಮಾಡಿದೆ ಎಂದು ಬರೆದು ಸಹಿ ಹಾಕಿದೆ, ನನಗೆ ಸಹಿ ಹಾಕುವುದು ಬರುತ್ತದೆ. ಬಸ್ಸು ಹಾರನಹಳ್ಳಿಯಲ್ಲಿ ನಿಂತಿತು. ಅವರ ಊರು. ಕಿಟಕಿಯಿಂದ ಅವರ ಓಣಿಗೆ ತಿರುಗುವ ಮೂಲೆ ಕಾಣುತ್ತಿತ್ತು, ಮನೆಯ ಗೃಹಪ್ರವೇಶಕ್ಕೆ ನಾವು ಉಳಿದ ಆರೂ ಜನ ಬಂದಿದ್ದ ಮೂಲೆ, ಯಾರ್ ಇಳಿಯೋರು ಇಳೀರಿ ಬೇಗ ಎಂದ ಕಂಡಕ್ಟರು, ಡಬ್ಬಿ ತೊಡೆಯ ಮೇಲಿತ್ತು, ಇಳಿಯಲಿಲ್ಲ, ರೈಟ್ ರೈಟ್.

ಇದಕ್ಕೆಲ್ಲ ಒಂದು ಕಾರಣ ಅಂತ ಇರುತ್ತದೆಯೇ, ಶಿಲ್ಪಶ್ರೀಯನ್ನು ಕೇಳಬೇಕು, ನನಗೆ ಗೊತ್ತಿರುವುದು ಒಂದು ದಿನ ಮಾತ್ರ, ಮೇ ತಿಂಗಳ ಫಲಿತಾಂಶದ ಸಭೆ, ಇಂಥದೇ ಒಂದು ಹಾಲು, ಗಣಿತದಲ್ಲಿ ಕಡಿಮೆಯಾದ ಶಾಲೆಗಳವರು ಎದ್ದು ನಿಂತು ಕಾರಣ ಹೇಳಿ, ಅವರು ಎದ್ದರು, ಸರ್ವೆ ಕೆಲಸಕ್ಕೆ ಮನೆಮನೆ ತಿರುಗಿದ್ದು ಡಿಸೆಂಬರಿನಿಂದ ಎರಡು ತಿಂಗಳು, ಕಾಗದದಲ್ಲಿ ದಿನಗಳನ್ನು ಬರೆದುಕೊಂಡು ಬಂದಿದ್ದರು, ಮೊದಲ ಸಾಲು ಓದಿದರು, ಅದೆಲ್ಲ ಎಲ್ಲರಿಗೂ ಇರ್ತದ್ರೀ, ಮುಂದಿನ ಶಾಲೆ, ಎಂದರು ಮೇಲಿನವರು, ಕೂತ್ಕೊಳ್ಳಿ ಅನ್ನಲು ಮರೆತರು, ಮುಂದಿನ ಶಾಲೆಯವರು ಎದ್ದರು, ಅದರ ಮುಂದಿನವರು ಎದ್ದರು, ಹೇಳಿ ಕೂತರು, ಧರ್ಮೇಶ್ ನಿಂತೇ ಇದ್ದರು, ಕಾಗದ ಹಿಡಿದುಕೊಂಡು, ಊಟದ ಬಿಡುವಿನವರೆಗೂ, ಅವರ ಅಂಗಿಯ ಅಂಚು ನನ್ನ ಮೊಣಕೈಗೆ ತಗುಲುತ್ತಿತ್ತು, ಒಂದು ಸಲ ಎಳೆದಿದ್ದರೆ ಸಾಕು, ಕೂತ್ಕೊಳ್ಳಿ ಸಾರ್ ಅಂದಿದ್ದರೆ ಸಾಕು, ನಾನು ಕನ್ನಡದ ಫಲಿತಾಂಶಕ್ಕೆ ಉತ್ತರ ಬರೆದುಕೊಳ್ಳುತ್ತಿದ್ದೆ, ಕನ್ನಡದಲ್ಲಿ ನೂರಕ್ಕೆ ನೂರು, ನೂರಕ್ಕೆ ನೂರು ಬಂದದ್ದಕ್ಕೆ ಏನು ಉತ್ತರ ಬೇಕಿತ್ತು. ವಾಪಸ್ಸು ಬರುವಾಗ ಅವರೇ ನಗಿಸಿದರು, ಮೇಡಂ ಇವತ್ತು ನಾನು ಬೆಂಚ್ ಮೇಲೆ ನಿಲ್ಲಲಿಲ್ಲ ಅಷ್ಟೇ, ನಾನು ನಕ್ಕೆ, ಮುಗಿಯಿತು ಎಂದುಕೊಂಡೆ.

ಅರುಣಾ ಮೇಡಂ, ಅರುಣಾ ಮೇಡಂ ರೆಡಿ ಆಗಿ, ನಿಮ್ದೇ ಮುಂದಿಂದು, ಗಂಗಾಧರಯ್ಯನವರು ಬಗ್ಗಿ ಪಿಸುಗುಟ್ಟುತ್ತಾರೆ, ಕೊಬ್ಬರಿ ವಾಸನೆ, ಡಬ್ಬಿಯಿಂದ ನಾಲ್ಕು ಚೀಟಿ ತೆಗೆದು ಓದಿ ಸಾಕು, ಜನಕ್ಕೆ ಹಿಡಿಸುತ್ತೆ, ಚೆನ್ನಾಗಿದ್ದೇನೆ ಅಂತ ಇರೋವೇ ಓದಿ, ಟೀದು ಬೇಡ ಆಮೇಲೆ ಎಲ್ಲಾ ಶಾಲೇರೂ ಟೀ ಕೇಳ್ತಾರೆ — ನಾನು ಎದ್ದಿದ್ದೇನೆ, ಚೀಲ ಹೆಗಲಿಗೆ ಹಾಕಿದ್ದೇನೆ, ಮೈಕಿನ ಕಡೆಗೋ, ಹೌದು ಮೈಕಿನ ಕಡೆಗೇ ಹೋಗುತ್ತಿದ್ದೇನೆ, ಏನು ಹೇಳಲಿ, ಒಬ್ಬ ಮನುಷ್ಯ ನನ್ನ ಸಹಿಯ ಪಕ್ಕದಲ್ಲಿ ಕೂತು ಇಡೀ ತಿಂಗಳು ಬರೆದ ಎಂದು ಹೇಳಲೇ, ಅದು ಅವರ ಮಾತು, ಅರವತ್ತು ಜನರ ಮುಂದೆ ಮತ್ತೆ ಅವರನ್ನು ನಿಲ್ಲಿಸಿದಂತೆ, ಈ ಸಲ ಕೂತ್ಕೊಳ್ಳಿ ಅನ್ನಲು ಯಾರೂ ಇರುವುದಿಲ್ಲ, ಮೈಕು ಕಿರ್ ಎಂದಿತು, ಮುಂದಿನ ಸಾಲಿನಲ್ಲಿ ಎಲ್ಲರ ಕೆನ್ನೆಯೊಳಗೂ ಇನ್ನೂ ಕೊಬ್ಬರಿ ಇರುವಂತೆ ಕಾಣುತ್ತದೆ. ನಮ್ಮ ಡಬ್ಬಿ ಚೆನ್ನಾಗಿದೆ, ನೋಡಲು ಚೆನ್ನಾಗಿದೆ, ಅದರಲ್ಲಿ ಏನೂ ಇಲ್ಲ, ಎಂದೆ, ನನ್ನ ದನಿ ಸ್ಪೀಕರಿನಲ್ಲಿ ಬೇರೆ ಯಾರದೋ ಹಾಗೆ ಕೇಳಿತು, ನಾನು ಒಂದು ಪುಸ್ತಕ ಓದದೆ ಸಹಿ ಹಾಕಿದ್ದೇನೆ, ಓದಿಕೊಂಡು ಬರುತ್ತೇನೆ, ಕ್ಷಮಿಸಿ. ಅಷ್ಟೇ. ಚಪ್ಪಾಳೆ ಬರಲಿಲ್ಲ, ಗಂಗಾಧರಯ್ಯನವರು ಹಿಂದಿನಿಂದ ಎಲ್ಲಿಗ್ರೀ ಮೇಡಂ, ಊಟ ಇದೆ, ಫೋಟೋ ಇದೆ, ಏನ್ರೀ ನೀವು ನನ್ನ ಮಾನ ಕಳೀತೀರಲ್ಲ ಎನ್ನುತ್ತ ಬಾಗಿಲವರೆಗೆ ಬಂದರು, ಶಿಲ್ಪಶ್ರೀ ಮಾತ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಶಿಕ್ಷಣಾಧಿಕಾರಿಗಳ ಆಫೀಸಿನ ಕಿಟಕಿ ಅದೇ ಕಟ್ಟಡದ ಮುಂಭಾಗದಲ್ಲೇ, ಒಳಗೆ ಗುಮಾಸ್ತ ಕಿರಣ್, ಏನ್ ಮೇಡಂ ತರಬೇತಿ ಮುಗೀತಾ, ಮನಸ್ಸು ಹಗುರ ಆಯ್ತಾ, ನಮಗೂ ಒಂದು ಚೂರು ಕೊಬ್ಬರಿ ಇಲ್ವಾ ಎಂದು ನಗುತ್ತ ಕೈ ಚಾಚಿದ, ಕೈ ಚಾಚಿದರೆ ಕೊಟ್ಟುಬಿಡುವುದೇ ಅಭ್ಯಾಸ, ಅರ್ಜಿ ಕೊಟ್ಟುಬಿಟ್ಟೆ, ನೋಡಿ ನನ್ನ ಕೈಯನ್ನು, ಅವನು ತನ್ನ ಇನ್‌ವರ್ಡ್ ಪುಸ್ತಕ ಬಿಡಿಸಿದ, ಸ್ವಯಂ ನಿವೃತ್ತಿಯಾ, ಅದೃಷ್ಟವಂತರು ಬಿಡಿ, ಎಂದು ಸೀಲು ಎತ್ತಿದ, ನೇರಳೆ ಇಂಕಿನಲ್ಲಿ ಒದ್ದೆಯಾಗಿ ಹೊಳೆಯುವ ದುಂಡನೆಯ ಸೀಲು, ಗಾಳಿಯಲ್ಲಿ ಒಂದು ಕ್ಷಣ, ಒಂದು ಬಡಿತ ಅಷ್ಟೇ, ಆಮೇಲೆ ಅದಕ್ಕೆ ನಂಬರು, ನಂಬರು ಬಂದ ಮೇಲೆ ಕಾಗದ ತಾನೇ ನಡೆದುಕೊಂಡು ಹೋಗುತ್ತದೆ, ಮೇಜಿನಿಂದ ಮೇಜಿಗೆ, ಪ್ರತಿ ಮೇಜಿನಲ್ಲೂ ಒಬ್ಬೊಬ್ಬ ಅರುಣಾ — ಕೊಡಿ ಕಿರಣ್, ಕೊಡಿ ಇಲ್ಲಿ, ಎಂದು ಕಿಟಕಿಯ ಸರಳಿನೊಳಗೆ ಕೈ ಹಾಕಿ ಎಳೆದುಕೊಂಡೆ, ಬಳೆ ಸರಳಿಗೆ ಬಡಿಯಿತು, ಯಾಕ್ ಮೇಡಂ, ಏನ್ ತಪ್ಪಿದೆ, ಇದರಲ್ಲಿ ನನ್ನ ಸಹಿ ತಪ್ಪಿದೆ, ಸಹಿ ಎಂಥಾ ತಪ್ಪು ಮೇಡಂ, ನಿಮ್ಮದೇ ತಾನೇ, ನನ್ನದೇ. ರುಚಿ ಪುಸ್ತಕವನ್ನೂ ಕೊಡಲಿಲ್ಲ, ತನಿಖೆಗೆ ನಾಳೆ ತರುತ್ತೇನೆ, ಬೈಯಲಿ.

ಬಸ್ಸು ನಿಲ್ದಾಣದಲ್ಲಿ ಹಾಸನದ ಗಾಡಿ ಹೊರಡುತ್ತಿತ್ತು, ಕೊಬ್ಬರಿ ಮೂಟೆಯವರ ನಡುವೆ ಜಾಗ, ಡಬ್ಬಿ ಅಲ್ಲೇ ವೇದಿಕೆಯ ಮೇಲೆ ಉಳಿಯಿತು, ಇರಲಿ, ತೊಡೆ ಹಗುರ, ಪುಸ್ತಕ ತೆರೆದೆ, ಆಗಸ್ಟಿನ ಆ ಸಾಲು ಹುಡುಕಿದೆ, ಪೆನ್ನು ತೆಗೆದು ಸಹಿಯ ಪಕ್ಕ ಒಂದು ಚುಕ್ಕೆ, ಎರಡೂವರೆ ತಿಂಗಳು ತಡವಾದ ಚುಕ್ಕೆ, ಹಾಗೆ ಹಿಂದಿನ ತಾರೀಖಿಗೆ ಏನನ್ನೂ ಹಾಕಬಾರದು, ನಿಯಮವಿಲ್ಲ, ಪೆನ್ನು ಕಾಗದಕ್ಕೆ ತಗುಲುವಾಗ ಬಸ್ಸು ಹಾರಿತು, ನಾನು ತಲುಪುವ ಮೊದಲೇ ಏನಾಗಿ ಹೋಗಿದೆಯೋ, ಅದನ್ನು ಯೋಚಿಸಬಾರದು, ಗಾನವಿ ಇದ್ದಾಳಲ್ಲ ಮನೆಯಲ್ಲಿ, ಅವರ ಹೆಂಡತಿ, ಬಸ್ಸು ಹತ್ತುವ ಮೊದಲು ಫೋನು ಮಾಡಿದ್ದೆನಲ್ಲ, ಬನ್ನಿ ಮೇಡಂ ಎಂದಳು, ಆಮೇಲೆ ದನಿ ತಗ್ಗಿಸಿ ಬೇಗ ಬನ್ನಿ ಎಂದಳು, ಇದ್ದಾರೆ, ಜಗುಲಿ ಮೇಲೆ ಕೂತಿದ್ದಾರೆ, ಬೆಳಿಗ್ಗೆಯಿಂದ ಕೂತಿದ್ದಾರೆ ಅಷ್ಟೇ, ಅಷ್ಟೇ ಎಂದಳು, ಯಾವ ಅಷ್ಟೇ ಅದು, ತೋಟ, ತೋಟ, ಗಾಳಿಯಲ್ಲಿ ಒಂದೇ ಕಡೆ ತಿರುಗಿದ ತೆಂಗಿನ ತಲೆಗಳು, ಚಮಚದ ಹಿಡಿ, ಹಾರನಹಳ್ಳಿ ಯಾರ್ ಇಳಿಯೋರು, ನಾನು, ನಾನು ಇಳೀಬೇಕು, ತಡೀರಿ.

ಇದ್ದಾರೆ, ಜಗುಲಿಯ ಕಂಬಕ್ಕೆ ಒರಗಿ, ಬಿಳಿ ಬನಿಯನ್ನು, ಗಡ್ಡ, ನನ್ನನ್ನು ನೋಡಿ ಎದ್ದು ನಿಂತರು, ನಿಂತೇ ಇದ್ದರು, ಕೂತ್ಕೊಳ್ಳಿ ಸಾರ್, ಎಂದೆ, ಮೇ ತಿಂಗಳಿಂದ ಗಂಟಲಲ್ಲಿದ್ದ ಮಾತು, ಅವರು ಕೂತರು, ನಾನೂ ಪಕ್ಕದಲ್ಲಿ ಕೂತೆ, ಎದುರು ಮನೆಯ ಅಂಗಳದಲ್ಲಿ ರಾಗಿ ಹುಲ್ಲು ಒಣಗುತ್ತಿದೆ, ಒಂದು ಕರು ಅದನ್ನೇ ಎಳೆಯುತ್ತಿದೆ. ಅರ್ಜಿ ಕೊಟ್ರಾ ಮೇಡಂ, ಎಂದರು, ನನ್ನನ್ನು ನೋಡದೆ, ಇನ್‌ವರ್ಡ್ ಆಯ್ತಾ. ಕೊಟ್ಟಿಲ್ಲ ಸಾರ್. ನಿಮಗೆ ಬೇಕೇ ಬೇಕು ಅಂದ್ರೆ ಮುಂದಿನ ತಿಂಗಳು ನಾನೇ ತಗೊಂಡು ಹೋಗ್ತೀನಿ, ಇವತ್ತು ಕೊಟ್ಟಿಲ್ಲ, ಪುಸ್ತಕ ಓದಿದೆ. ಯಾವ್ ಪುಸ್ತಕ. ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ, ಅವರು ತೆರೆದರು, ಹುಡುಕಲಿಲ್ಲ, ಆ ಪುಟ ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು, ಬಗ್ಗಿ ನೋಡಿದರು, ನಾನು ಏನೋ ಹೇಳಹೊರಟೆ, ಡಾಕ್ಟರ ಹತ್ತಿರ ಹೋಗೋಣ ಸಾರ್ ನಾನೂ ಬರುತ್ತೇನೆ ಹಾಸನಕ್ಕೆ ಎಂದು, ರಜೆಯ ಅರ್ಜಿ ನಾನೇ ಬರೆಯುತ್ತೇನೆ ಎಂದು, ಎಲ್ಲ ಸಾಲುಗಟ್ಟಿ ನಿಂತಿತ್ತು ಬಾಯಲ್ಲಿ, ಅಷ್ಟರಲ್ಲಿ ಅವರೇ, ಬಸ್ಸಲ್ಲಿ ಹಾಕಿದ್ರಾ ಮೇಡಂ. ಏನು. ಚುಕ್ಕೆ. ಗೀಟಾಗಿ ಹೋಗಿದೆ. ನೋಡಿದರೆ ಹೌದು, ನನ್ನ ಸಹಿಯಿಂದ ಷರಾದವರೆಗೆ ಒಂದು ಸೊಟ್ಟ ಗೀಟು. ಗುಂಡಿ ಸಾರ್, ಎಂದೆ. ಅವರ ಮೂಗಿನಿಂದ ಒಂದು ಉಸಿರು ಬಂತು, ನಗು ಅಲ್ಲ, ನಗು ಎಂದು ಬರೆದು ಸಹಿ ಹಾಕಲಾರೆ, ಉಸಿರು.

ಗಾನವಿ ಒಳಗಿನಿಂದ ತಟ್ಟೆ ತಂದಳು, ಚಿತ್ರಾನ್ನ, ಏನೂ ಮಾಡೋಕೆ ಆಗ್ಲಿಲ್ಲ ಮೇಡಂ, ನೀವ್ ಬತ್ತೀರಿ ಅಂತ ಬೆಳಿಗ್ಗೇನೇ ಗೊತ್ತಿದ್ರೆ, ಇರಲಿ ಕಣಮ್ಮ, ಒಂದು ತಟ್ಟೆ ನನಗೆ, ಅವರಿಗೆ ತರಲಿಲ್ಲ, ತಂದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಬೇಕು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಕಣ್ಣ ಕೆಳಗೆ ಕಪ್ಪು, ನಾನು ಒಂದು ಚಮಚ ಬಾಯಿಗಿಟ್ಟೆ, ನಿಂಬೆ, ಶೇಂಗಾ, ಅರಿಶಿನ, ಬಿಸಿ — ಉಪ್ಪಿಲ್ಲ. ಚೂರೂ ಇಲ್ಲ. ಈ ಮನೆಯಲ್ಲಿ ಉಪ್ಪು ಹೇಗಿದೆ ಎಂದು ಹೇಳುವವರು ಎಷ್ಟು ದಿನದಿಂದ ಇಲ್ಲ, ಹೇಳುವವರಿಲ್ಲದೆ ಹಾಕುವವಳಿಗೂ ಮರೆತಿದೆ, ಅವಳೂ ತಿಂದು ನೋಡಿಲ್ಲ, ಅಥವಾ ತಿಂದೂ ಗೊತ್ತಾಗಿಲ್ಲ, ಚಮಚ ಬಾಯಲ್ಲೇ ಇದೆ, ತೆಗೆಯಲಾಗುತ್ತಿಲ್ಲ, ಹೇಗಿದೆ ಮೇಡಂ, ಯಾರೋ ಕೇಳುತ್ತಿದ್ದಾರೆ, ಗಾನವಿಯಲ್ಲ, ಧರ್ಮೇಶ್ ಸರ್, ರುಚಿ ಹೇಗಿದೆ ಎಂದು ಧರ್ಮೇಶ್ ಸರ್ ನನ್ನನ್ನು ಕೇಳುತ್ತಿದ್ದಾರೆ, ನಾಲಗೆಯ ತುದಿಗೆ ಚೆನ್ನಾಗಿದೆ ಬಂದು ಕೂತಿದೆ, ಅದು ಯಾವಾಗಲೂ ಅಲ್ಲೇ ಇರುತ್ತದೆ, ಅತಿಥಿಯಾಗಿ ಬಂದವಳು, ಬೇಗ ಬನ್ನಿ ಎಂದ ಹೆಣ್ಣುಮಗಳು ಮಾಡಿಕೊಟ್ಟದ್ದು, ಚೆನ್ನಾಗಿದೆ ಎಂದರೆ ಯಾರಿಗೇನು ನಷ್ಟ, ಚಮಚ ಹೊರಗೆ ತೆಗೆದೆ, ಉಪ್ಪು ಹಾಕಿಲ್ಲ ಸಾರ್, ಎಂದೆ. ಗಾನವಿಯ ಕೈ ಬಾಯಿಗೆ ಹೋಯಿತು, ಅಯ್ಯೋ ಮೇಡಂ ಅಯ್ಯೋ ನನ್ನ ಬುದ್ಧಿಗೆ, ನೆನ್ನೆನೂ ಹಾಕ್ದೆ ಇದ್ನೋ ಏನೋ, ಎನ್ನುತ್ತ ಅವಳ ಕಣ್ಣು ತುಂಬಿತು, ಅವಳು ನಗುತ್ತಲೂ ಇದ್ದಳು, ಅವರು ಹೆಂಡತಿಯನ್ನು ನೋಡಿದರು, ತಟ್ಟೆ ನೋಡಿದರು, ಇನ್ನೊಂದು ಚಮಚ ಕೊಡು ಎಂದರು, ಅವಳು ಓಡಿದಳು, ಒಳಗೆ ಪಾತ್ರೆ ಬಿದ್ದ ಸದ್ದು, ತಂದುಕೊಟ್ಟಳು, ನನ್ನ ತಟ್ಟೆಯ ಅಂಚಿನಿಂದ ಅಷ್ಟೇ ಅಷ್ಟು ತೆಗೆದುಕೊಂಡರು, ಕರು ಹುಲ್ಲು ಎಳೆಯುವುದನ್ನು ನಿಲ್ಲಿಸಿದೆ ಅಥವಾ ನನಗೆ ಕೇಳಿಸುತ್ತಿಲ್ಲ, ಷರಾದ ಮನೆ ಖಾಲಿ ಇದೆ, ನಾನು ಏನನ್ನೂ ತುಂಬುವುದಿಲ್ಲ, ಕಾಯುತ್ತೇನೆ, ಅವರ ಬಾಯಲ್ಲಿ ಚಮಚ, ಹಿಡಿ ಹೊರಗೆ, ನುಂಗುತ್ತಿಲ್ಲ, ಉಗಿಯುತ್ತಿಲ್ಲ, ಕಣ್ಣು ತೆಂಗಿನ ತಲೆಗಳಾಚೆ ಇಲ್ಲ, ನನ್ನ ಮೇಲಿದೆ, ಬಾಯಲ್ಲಿ ಚಮಚ, ಕಣ್ಣು ನನ್ನ ಮೇಲೆ, ಬಾಯಲ್ಲಿ ಚಮಚ —